ಜಿಂಕೆ ಬೇಟೆಗೆ ಲ್ಯಾಡರ್ ಸ್ಟ್ಯಾಂಡ್: ಮಗನ ಜೊತೆ ಕೂರೋಕೆ ಯಾವುದು ಸರಿ?

ಕಾವೇರಿತೀರ_ಮಿಶಿಗನ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಬೇಟೆ ಬಲ್ಲವರು ನಾಲ್ಕಾರು ಜನ ಇದ್ದೀರಿ ಅನ್ನೋ ಧೈರ್ಯದ ಮೇಲೆ ಲ್ಯಾಡರ್ ಸ್ಟ್ಯಾಂಡ್, ಅಂದ್ರೆ ಮರಕ್ಕೆ ಆನಿಸಿ ಕಟ್ಟೋ, ತುದಿಯಲ್ಲಿ ಸೀಟಿರೋ ಏಣಿಯ ಬಗ್ಗೆ ಕೇಳ್ತಿದ್ದೇನೆ.

ನಾವಿರೋದು ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ. ಸಹೋದ್ಯೋಗಿಯೊಬ್ಬರ ಮನೆಯವರಿಗೆ ಲ್ಯಾನ್ಸಿಂಗ್‌ನಿಂದ ದಕ್ಷಿಣಕ್ಕೆ ಜಮೀನಿದೆ. ಪೂರ್ವಕ್ಕೆ ಮೆಕ್ಕೆಜೋಳ, ಸೋಯಾ, ಪಶ್ಚಿಮಕ್ಕೆ ಕಾಡು, ಕಾಡಿನೊಳಗೆ ಸಣ್ಣ ಹಳ್ಳ. ಹೋದ ಸೀಸನ್‌ನಲ್ಲಿ ಅವರ ಜೊತೆ ನೆಲದ ಬ್ಲೈಂಡ್‌ನಲ್ಲಿ (ಅಡಗಿ ಕೂರೋ ಮರೆ) ಕೂತಿದ್ದೆ. ಈ ವರ್ಷ "ನಿಮ್ಮದೇ ಒಂದು ಲ್ಯಾಡರ್ ಸ್ಟ್ಯಾಂಡ್ ಹಾಕ್ಕೊಳ್ಳಿ, ಮಗನನ್ನೂ ಕರ್ಕೊಂಡ್ ಬನ್ನಿ" ಅಂತ ಬರವಣಿಗೆಯಲ್ಲೇ ಅನುಮತಿ ಕೊಟ್ಟಿದ್ದಾರೆ. ಮಗನಿಗೆ ಹನ್ನೆರಡು. ಹಂಟರ್ ಸೇಫ್ಟಿ ಕೋರ್ಸ್ ಇಬ್ಬರೂ ಮುಗಿಸಿದ್ದೇವೆ. ನವೆಂಬರ್ 15ಕ್ಕೆ ಬಂದೂಕಿನ ಸೀಸನ್ ಶುರುವಾಗೋ ಬೆಳಗ್ಗೆ ಅವನು ನನ್ನ ಪಕ್ಕ ಕೂತಿರಬೇಕು ಅನ್ನೋದು ನನ್ನಾಸೆ.

ಅಂಗಡಿಗೆ ಹೋದರೆ 12 ಅಡಿಯಿಂದ 22 ಅಡಿವರೆಗೂ ಸ್ಟ್ಯಾಂಡ್‌ಗಳು ಸಾಲಾಗಿ ನಿಂತಿವೆ. ಒಬ್ಬರು ಕೂರೋದು, ಇಬ್ಬರು ಕೂರೋದು, ಮುಂದೆ ಕಂಬಿ ಇರೋದು, ಇಲ್ಲದ್ದು. 22 ಅಡಿಯದ್ದಕ್ಕೆ ಈಗ ಒಳ್ಳೆ ರಿಯಾಯಿತಿ ಇದೆ. ನನ್ನ ತೂಕ 95 ಕಿಲೋ ಹತ್ತಿರ, ಮಗ 40. ಇಬ್ಬರಿಗೂ ಒಂದೇ ಸಾಕಾ, ಅಥವಾ ಒಬ್ಬೊಬ್ಬರದ್ದು ಎರಡು ಅಕ್ಕಪಕ್ಕ ಹಾಕಲಾ? ಎತ್ತರ ಎಷ್ಟು? ಜಾಗದ ಮಟ್ಟಿಗೆ, ಜಿಂಕೆಗಳು ಓಡಾಡೋ ದಾರಿಗೆ ಹತ್ತಿರದಲ್ಲೇ ಒಂದು ಆಶ್ ಮರ ಇದೆ. ನೇರವಾಗಿದೆ, ಕೆಳಗೆ ಕೊಂಬೆ ಇಲ್ಲ, ತೋಳಲ್ಲಿ ಅಪ್ಪಿದರೆ ಬೆರಳು ಕೂಡೋ ಗಾತ್ರ. ತುದಿಯಲ್ಲಿ ಎಲೆ ಸ್ವಲ್ಪ ತೆಳುವಾಗಿದೆ. ಜಮೀನಿನವರು ಅದೇ ಅನುಕೂಲ ಅಂತಾರೆ.

ಕೊಡಗಿನಕೋವಿ

ಅಣ್ಣಾ, ಸ್ಟ್ಯಾಂಡ್ ಆಮೇಲೆ ನೋಡೋಣ. ಮರ ಯಾವುದು ಅಂತ ಬರೆದಿರಲ್ಲ, ನನ್ನ ಗಮನ ಅಲ್ಲೇ ನಿಂತಿತು. ಆಶ್ ಬೇಡ.

ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಹುಳ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದೇ ನಿಮ್ಮ ಡೆಟ್ರಾಯಿಟ್ ಸುತ್ತಮುತ್ತ, 2002ರಲ್ಲಿ. ಏಷ್ಯಾದಿಂದ ಬಂದದ್ದು. ಅಲ್ಲಿಂದೀಚೆಗೆ ಕೋಟಿಗಟ್ಟಲೆ ಆಶ್ ಮರ ಸತ್ತಿವೆ. ತುದಿಯಲ್ಲಿ ಎಲೆ ತೆಳುವಾಗೋದೇ ಮೊದಲ ಲಕ್ಷಣ. ಮರದ ಹತ್ತಿರ ಹೋಗಿ ತೊಗಟೆ ನೋಡಿ. ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ದುಂಡಗೆ, ಮೂರು ನಾಲ್ಕು ಮಿಲಿಮೀಟರಿನ ತೂತು ಕಂಡರೆ ಹುಳ ಒಳಗೆ ಬೆಳೆದು ಹೊರಗೆ ಹೋಗಿದೆ ಅಂತ ಅರ್ಥ. ಮರಕುಟಿಕ ಮೇಲಿನ ತೊಗಟೆ ಕೆದರಿ, ಕಾಂಡದಲ್ಲಿ ಬಿಳಿಚಿದ ಮಚ್ಚೆಗಳಾಗಿರ್ತವೆ. ಸಡಿಲ ತೊಗಟೆ ಎಬ್ಬಿಸಿದರೆ ಒಳಗೆ ಹಾವು ಹರಿದ ಹಾಗೆ ಡೊಂಕು ಗೀರುಗಳು. ಬುಡದಲ್ಲಿ ಎಳೇ ಚಿಗುರು ಗುಂಪಾಗಿ ಬಂದಿದ್ದರೆ ಅದೂ ಆರೋಗ್ಯ ಅಲ್ಲ, ಮರ ಮೇಲೆ ಸಾಯ್ತಿದೆ ಅಂತ ಕೆಳಗೆ ಒದ್ದಾಡ್ತಿರೋದು.

ಆಶ್ ಸತ್ತ ಮೇಲೆ ಬಲು ಬೇಗ ಪೆಡಸಾಗ್ತದೆ. ಕಡಿಯೋಕೆ ಬರೋ ಕೆಲಸಗಾರರೇ ಸತ್ತ ಆಶ್ ಹತ್ತಲ್ಲ ಅಂತಾರೆ. ಅದಕ್ಕೆ ಪಟ್ಟಿ ಬಿಗಿದು, ಮಗನನ್ನು ಕೂರಿಸಿ, ನವೆಂಬರ್ ಗಾಳಿಯಲ್ಲಿ ತೂಗಾಡೋದು ಬೇಡ. ಜೀವಂತ ಓಕ್, ಮೇಪಲ್, ಹಿಕರಿ ಹುಡುಕಿ. ಸ್ಟ್ಯಾಂಡಿನ ಜೊತೆ ಬರೋ ಪುಸ್ತಕದಲ್ಲಿ ಮರದ ಕನಿಷ್ಠ ದಪ್ಪ ಬರೆದಿರ್ತಾರೆ, ಸಾಮಾನ್ಯವಾಗಿ ಅಡ್ಡಳತೆ ಒಂಬತ್ತು ಇಂಚು. ಜಾಗ ಹತ್ತು ಹೆಜ್ಜೆ ಆಚೀಚೆ ಆದರೂ ಪರವಾಗಿಲ್ಲ, ಮರ ಗಟ್ಟಿ ಇರ್ಲಿ.

ಮಂಡ್ಯದಮಗಳು_ಪಿಎ

ಕೊಡಗಿನ ಅಣ್ಣ ಹೇಳಿದ್ದು ಸರಿ, ಮೊದಲು ಮರ. ಇನ್ನು ಎತ್ತರ. ನಾನು ಪೆನ್ಸಿಲ್ವೇನಿಯಾದಲ್ಲಿ ಬಿಲ್ಲಲ್ಲೂ ಬಂದೂಕಲ್ಲೂ ಬೇಟೆ ಆಡ್ತೀನಿ, ಎರಡಕ್ಕೂ ಲ್ಯಾಡರ್ ಸ್ಟ್ಯಾಂಡನ್ನೇ ಬಳಸ್ತೀನಿ.

22 ಅಡಿ ಬೇಡ ಸರ್. ಎತ್ತರ ಹೋದಷ್ಟೂ ಜಿಂಕೆ ಕಣ್ಣಿಗೆ ಬೀಳಲ್ಲ, ವಾಸನೆ ಮೇಲಿಂದಲೇ ಹಾದುಹೋಗುತ್ತೆ ಅನ್ನೋ ಮಾತಲ್ಲಿ ಸ್ವಲ್ಪ ನಿಜ ಇದೆ. ಆದರೆ ಹತ್ತಿರ ಬಂದ ಜಿಂಕೆಗೆ ಮೇಲಿಂದ ಕಡಿದಾಗಿ ಗುರಿ ಇಡಬೇಕಾಗುತ್ತೆ. ಆಗ ಎರಡು ಶ್ವಾಸಕೋಶಕ್ಕೂ ಒಟ್ಟಿಗೆ ತಗಲೋ ಜಾಗ ಕಿರಿದಾಗುತ್ತೆ. ಒಂದೇ ಶ್ವಾಸಕೋಶಕ್ಕೆ ತಗುಲಿದ ಪ್ರಾಣಿ ಬಹಳ ದೂರ ಓಡಿ, ನರಳಿ ಸಾಯುತ್ತೆ, ಎಷ್ಟೋ ಸಲ ಸಿಗೋದೂ ಇಲ್ಲ. ಮೊದಲ ಸೀಸನ್ನಿನ ಹುಡುಗನ ಕೈಗೆ ಅಂಥ ಗುರಿ ಕೊಡಬಾರದು. ಹದಿನೈದರಿಂದ ಹದಿನೇಳು ಅಡಿ, ಬೆನ್ನ ಹಿಂದೆ ದಪ್ಪ ಕಾಂಡ, ಅಕ್ಕಪಕ್ಕ ನಾಲ್ಕು ಕೊಂಬೆ ಇದ್ದರೆ ಸಾಕು. ಎತ್ತರಕ್ಕಿಂತ ಮರೆ ಮುಖ್ಯ. ಆಕಾಶದ ಬೆಳಕಿಗೆ ನಿಮ್ಮ ಆಕೃತಿ ಕಪ್ಪಗೆ ಎದ್ದು ಕಾಣಬಾರದು, ಅಷ್ಟೇ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ಪೆಟ್ಟಿಗೆ ಮೇಲಿನ ಎತ್ತರ ಯಾವುದರ ಎತ್ತರ ಅಂತ ನೋಡಿ. ಕೆಲವರು ಕಾಲಿಡೋ ಹಲಗೆವರೆಗೆ ಅಳೀತಾರೆ, ಕೆಲವರು ಮುಂದಿನ ಕಂಬಿಯ ಮೇಲಂಚಿನವರೆಗೆ. ಹದಿನೆಂಟು ಅಂತ ಬರೆದದ್ದರಲ್ಲಿ ನಿಮ್ಮ ಪಾದ ಹದಿನೈದರ ಆಸುಪಾಸು ಇರಬಹುದು. ನಿಮ್ಮ ವಿಷಯದಲ್ಲಿ ಅದು ಒಳ್ಳೇದೇ, ಆದರೆ ಗೊತ್ತಿದ್ದು ಕೊಳ್ಳಿ.

ಒಂದಾ ಎರಡಾ ಅಂತ ಕೇಳಿದ್ರಿ. ಒಬ್ಬರ ಸ್ಟ್ಯಾಂಡ್ ಹೊರೋದು ಸಾಮಾನ್ಯವಾಗಿ 300 ಪೌಂಡ್, ಅಂದ್ರೆ 136 ಕಿಲೋ. ನಿಮ್ಮಿಬ್ಬರ ಬರೀ ಮೈತೂಕವೇ 135. ಅದರ ಮೇಲೆ ಚಳಿಯ ಬಟ್ಟೆ, ಬೂಟು, ಬಂದೂಕು, ಚೀಲ, ಫ್ಲಾಸ್ಕು. ಇಬ್ಬರದ್ದು 500 ಪೌಂಡ್ ಹತ್ತಿರ ಹೊರುತ್ತೆ. ಎರಡು ಬೇರೆ ಬೇರೆ ಸ್ಟ್ಯಾಂಡ್ ಹಾಕಿದ್ರೆ ಮಗ ನಿಮ್ಮ ಕೈಗೆ ಸಿಗಲ್ಲ. ಪಕ್ಕದಲ್ಲೇ ಕೂತು, ಪಿಸುಗುಟ್ಟಿ, ಅಗತ್ಯ ಬಿದ್ದರೆ ಬಂದೂಕಿನ ಮೇಲೆ ಕೈ ಇಡೋ ಹಾಗಿರಬೇಕು. ಇಬ್ಬರದ್ದೇ ತಗೊಳ್ಳಿ.

ಮುಂದಿನ ಕಂಬಿ ನಿಮಗೆ ಬೇಕೇ ಬೇಕು. ಹುಡುಗ ನಳಿಕೆ ಊರಿ ಗುರಿ ಇಡಬಹುದು, ಕೂತವನಿಗೂ ಒಂದು ತಡೆ. ಬಿಲ್ಲಿಗೆ ಅದೇ ಕಂಬಿ ಅಡ್ಡ, ಎಳೆಯುವಾಗ ಬಿಲ್ಲಿನ ಕೆಳತುದಿ ಬಡಿಯುತ್ತೆ. ಮೇಲಕ್ಕೆ ಮಡಚೋ ಕಂಬಿ ಇರೋದು ಸಿಕ್ಕರೆ ನಾಳೆ ಮಗ ಬಿಲ್ಲು ಹಿಡಿದರೂ ನಡೆಯುತ್ತೆ. ಕಂಬಿ ಇದೆ ಅಂತ ಹಾರ್ನೆಸ್, ಅಂದ್ರೆ ಬಿದ್ದರೆ ಹಿಡಿಯೋ ಮೈಪಟ್ಟಿ, ಬಿಡೋ ಹಾಗಿಲ್ಲ. ಅದರ ಬಗ್ಗೆ ರಾತ್ರಿ ಅಡುಗೆ ಮುಗಿಸಿ ಬಂದು ಬರೀತೀನಿ.

ಹಸಿರುಎಲೆ_ಎನ್‌ಜೆ

ಕ್ಷಮಿಸಿ, ಮಧ್ಯೆ ಬಾಯಿ ಹಾಕ್ತಿದ್ದೇನೆ. ನಮ್ಮ ಮನೆಯಲ್ಲಿ ಮಾಂಸ ತಿನ್ನೋದಿಲ್ಲ, ಹಾಗಾಗಿ ಓದುವಾಗ ಮನಸ್ಸಿಗೆ ಕಷ್ಟ ಆಯ್ತು. ಮಗುವಿಗೆ ಇದನ್ನು ಕಲಿಸೋ ಅಗತ್ಯ ಏನಿದೆ ಅಂತ ನಿಜವಾಗಿ ಕೇಳ್ತಿದ್ದೇನೆ, ಜಗಳಕ್ಕಲ್ಲ.

ಕಾವೇರಿತೀರ_ಮಿಶಿಗನ್

ಕೇಳಿದ್ದು ಒಳ್ಳೆಯದೇ ಆಯ್ತು. ನಮ್ಮ ಮನೆಯಲ್ಲಿ ಮಾಂಸ ಮಾಡ್ತೇವೆ. ಪ್ಲಾಸ್ಟಿಕ್ ಹೊದಿಸಿದ ತಟ್ಟೆಯಲ್ಲಿ ಬರೋದು ಎಲ್ಲಿಂದ ಬಂತು ಅಂತ ಮಗ ಕೇಳೋ ವಯಸ್ಸಾಯ್ತು, ಆ ಪ್ರಶ್ನೆಗೆ ನೇರ ಉತ್ತರ ಕೊಡಬೇಕು ಅನ್ನಿಸಿತು. ಇಲ್ಲಿ ತೋಳ ಇರೋದು ಉತ್ತರದ ಪೆನಿನ್ಸುಲಾದಲ್ಲಿ, ನಮ್ಮ ಕಡೆ ಜಿಂಕೆ ಹಿಡಿಯೋ ದೊಡ್ಡ ಪ್ರಾಣಿ ಇಲ್ಲದಂತೆಯೇ. ಜಿಂಕೆ ಹೆಚ್ಚಾಗಿ ಕಾಡಿನ ಎಳೆ ಗಿಡ ಉಳಿಯೋದಿಲ್ಲ, ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯೋದು ನೋಡೇ ಇರ್ತೀರಿ. ಬೇಟೆಯ ಬಂದೂಕು, ಗುಂಡಿನ ಮೇಲೆ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ವಸೂಲಾಗೋ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗ್ತದೆ. ಇಷ್ಟೆಲ್ಲ ಹೇಳಿದರೂ ನಿಮ್ಮ ಮನಸ್ಸಿಗೆ ಕಷ್ಟ ಆಗೋದು ಸಹಜ, ಅದನ್ನು ನಾನು ಗೌರವಿಸ್ತೇನೆ. ಮಗನಿಗೂ ಹೇಳಿದ್ದೇನೆ: ಕೂತ ಮೇಲೆ ಬೇಡ ಅನ್ನಿಸಿದರೆ ಗುಂಡು ಹಾರಿಸೋದು ಬೇಡ, ನೋಡಿ ಬರೋಣ ಅಂತ.

ಹಸಿರುಎಲೆ_ಎನ್‌ಜೆ

ಕೊನೆಯ ಮಾತು ಹಿಡಿಸಿತು. ಧನ್ಯವಾದ. ಮುಂದುವರಿಸಿ.

ಹುಬ್ಬಳ್ಳಿಹುಡುಗ

ಸರ್, ನಾ ವಿಸ್ಕಾನ್ಸಿನ್ನಾಗ ಅದೀನಿ. ಇಲ್ಲಿ ಒಂಬತ್ತು ದಿನದ ಬಂದೂಕಿನ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಚಾಲೂ ಆಗ್ತದ, ಊರಿಗೆ ಊರೇ ಕಿತ್ತಳಿ ಬಣ್ಣದ ಜಾಕೀಟು ಹಾಕ್ಕೊಂಡು ಅಡ್ಯಾಡ್ತದ. ಅಕ್ಕಾರು ಯಾವುದು ತಗೋಬೇಕು ಅಂತ ಛಲೋ ಹೇಳ್ಯಾರ. ನಾ ನಿಲ್ಲಸೂದರ ಬಗ್ಗೆ ಹೇಳ್ತೀನಿ, ಯಾಕಂದ್ರ ಲ್ಯಾಡರ್ ಸ್ಟ್ಯಾಂಡಿನಾಗ ಖರೇ ಅಪಾಯ ಇರೂದು ಅದನ್ನ ಏರಸೂ ದಿನಾನ ರೀ.

ಇಬ್ಬರು ಕೂಡೂ ಸ್ಟ್ಯಾಂಡು ನೂರು ಪೌಂಡಿನ ಆಸುಪಾಸು ತೂಗ್ತದ. ಕಂಪನಿ ಪುಸ್ತಕದಾಗ ಮೂರು ಮಂದಿ ಬೇಕು ಅಂತ ಬರ್ದಿರ್ತಾರ, ಅದನ್ನ ಹಗುರ ತಗೋಬ್ಯಾಡ್ರಿ. ನೆಲದ ಮ್ಯಾಲ ಅಡ್ಡ ಇಟ್ಟು ಎಲ್ಲಾ ತುಂಡು ಜೋಡಸ್ರಿ, ಒಂದೊಂದು ಬೋಲ್ಟು, ಒಂದೊಂದು ಪಿನ್ನು ಕೈಲೆ ಮುಟ್ಟಿ ನೋಡ್ರಿ. ಆಮ್ಯಾಲ ಒಬ್ಬ ಬುಡ ಒತ್ತಿ ಹಿಡೀಬೇಕು, ಇಬ್ಬರು ತಲೀಕಡೆಯಿಂದ ಎತ್ತಿಕೋತ ಬರಬೇಕು. ಮರಕ್ಕ ಆತ ಮ್ಯಾಲ ಬುಡದ ಕಾಲು ಮಣ್ಣಾಗ ಸಮ ಕೂತಾವೇನು ನೋಡ್ರಿ. ಒಂದು ಬದಿ ಕುಸಿದ್ರ ಕಲ್ಲು ತುರುಕಬ್ಯಾಡ್ರಿ, ಮಣ್ಣು ಕೆತ್ತಿ ಮಟ್ಟ ಮಾಡ್ರಿ.

ಈಗ ಬಿಗೀ ಸಂಗತಿ. ಮ್ಯಾಲಿನ ರ‍್ಯಾಚೆಟ್ ಪಟ್ಟಿ ಬಿಗೀಬೇಕು ಅಂದ್ರ ಯಾರರ ಏರಬೇಕು, ಆದ್ರ ಪಟ್ಟಿ ಬಿಗಿಯೂತನಾ ಏಣಿ ಮರಕ್ಕ ಬರೇ ಆತ್ಕೊಂಡಿರ್ತದ. ಮಂದಿ ಬೀಳೂದು ಇಲ್ಲೇ. ಅದಕ್ಕ ಏರೂಕಿಂತ ಮೊದಲ ಸೀಟಿನ ಕೆಳಗಿನಿಂದ ಬರೂ ಎರಡು ಹಗ್ಗ ಕತ್ತರಿ ಹಾಕಿ ಮರದ ಹಿಂದಿನಿಂದ ತಂದು, ನೆಲದ ಮ್ಯಾಲ ನಿಂತ ಬಿಗೀರಿ. ನಡುವಿನ ಅಡ್ಡ ಸಳಿ, ಏಣಿ ಬಾಗದಂಗ ಮರಕ್ಕ ಒತ್ತಿ ಹಿಡಿಯೂದು, ಅದನ್ನೂ ಕಟ್ರಿ. ಆಮ್ಯಾಲ ಒಬ್ಬನ ಏರಬೇಕು, ಮೈಗೆ ಹಾರ್ನೆಸ್ ಇರಬೇಕು, ಮರಕ್ಕ ಸುತ್ತಿದ ಲೈನ್‌ಮನ್ ಹಗ್ಗ ಮೆಟ್ಟಿಲಿಗೊಮ್ಮೆ ಮ್ಯಾಲ ಸರಿಸಿಕೋತ ಹೋಗಬೇಕು. ಕೆಳಗ ಇಬ್ಬರು ಏಣಿ ಬಿಡಂಗಿಲ್ಲ. ಈಗ ಕೆಲವು ಸ್ಟ್ಯಾಂಡಿಗೆ ಮರಾನ ಕಚ್ಚಿ ಹಿಡಿಯೂ ಕಬ್ಬಿಣದ ದವಡೆ ಬಂದಾವು, ನೆಲದಿಂದ ಪಟ್ಟಿ ಜಗ್ಗಿದ್ರ ಮ್ಯಾಲ ಬಿಗಿ ಆಗ್ತಾವು. ರೊಕ್ಕ ಸ್ವಲ್ಪ ಜಾಸ್ತಿ. ನಿಮ್ಮ ರಿಯಾಯಿತಿ ರೊಕ್ಕ ಇದಕ್ಕ ಹಾಕ್ರಿ, ಎತ್ತರಕ್ಕ ಬ್ಯಾಡ.

ಹೊಸಬ_ಬೋಯ್ಸಿ

ಎಲ್ಲರ ಮಾತು ಓದ್ತಿದ್ದೇನೆ, ನನಗೂ ಆಸೆ. ಆದರೆ ನಾನಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ನಮ್ಮಂಥವರು ಬಂದೂಕು ಮುಟ್ಟೋ ಹಾಗೇ ಇಲ್ಲ ಅಂತ ಒಬ್ಬರು, ಲೈಸೆನ್ಸ್ ಇದ್ದರೆ ಸಾಕು ಅಂತ ಇನ್ನೊಬ್ಬರು ಹೇಳ್ತಾರೆ. ಯಾವುದು ಸರಿ?

ಕೊಡಗಿನಕೋವಿ

ಎರಡೂ ಅರ್ಧರ್ಧ ಸರಿ. ವಲಸೆಯೇತರ ವೀಸಾದಲ್ಲಿರುವವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವ ಹಾಗಿಲ್ಲ ಅನ್ನೋದು ಫೆಡರಲ್ ಕಾನೂನಿನ ನಿಯಮ. ಅದಕ್ಕೆ ಇರೋ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್. ಚಾಲ್ತಿಯಲ್ಲಿರೋ ಅನ್ನೋ ಮಾತನ್ನು ಗಟ್ಟಿಯಾಗಿ ಹಿಡ್ಕೊಳ್ಳಿ. ಲೈಸೆನ್ಸಿನ ಅವಧಿ ಮುಗಿದ ಮಾರನೇ ದಿನ ಬಂದೂಕು ಮನೆಯಲ್ಲೇ ಇದ್ದರೆ ಆ ವಿನಾಯಿತಿಯೂ ಮುಗೀತು, ವೀಸಾಕ್ಕೂ ಕುತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ. ಬಿಲ್ಲು, ಕ್ರಾಸ್‌ಬೋ ಫೆಡರಲ್ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ, ಅದಕ್ಕೇ ನಿಮ್ಮಂಥ ಎಷ್ಟೋ ಹುಡುಗರು ಬಿಲ್ಲಿಂದ ಶುರು ಮಾಡ್ತಾರೆ. ಬಂದೂಕು ಕೊಳ್ಳೋದಾದರೆ ಮೊದಲು ವಲಸೆ ವಕೀಲರ ಹತ್ತಿರ ಕೂತು ಮಾತಾಡಿ, ನಮ್ಮ ಮಾತೇ ಕೊನೆ ಅಂತ ತಿಳೀಬೇಡಿ.

ನಮ್ಮೂರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡ್ತೇವೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋ ವಿನಾಯಿತಿ ಕೊಡವರಿಗೆ ಇದ್ದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಿಡೋದಿಲ್ಲ. ಊರಲ್ಲಿ ಕೋವಿ ಹಿಡಿದು ಬೆಳೆದ ಕೈ ಅಂತ ಇಲ್ಲಿಯ ನಿಯಮ ಸಡಿಲ ಮಾಡ್ಕೊಂಡವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ.

ಹಿಲ್‌ಕಂಟ್ರಿ_ಕನ್ನಡಿಗ

ಟೆಕ್ಸಾಸಿನಿಂದ ಒಂದು ಮಾತು. ನಮ್ಮ ಹಿಲ್ ಕಂಟ್ರಿಯಲ್ಲಿ ಬಿಳಿಬಾಲದ ಜಿಂಕೆ ಜೊತೆಗೆ ಬಂಡೀಪುರದಲ್ಲಿ ನೋಡೋ ಅದೇ ಚುಕ್ಕೆ ಜಿಂಕೆ ಇದೆ. ಇಲ್ಲಿ ಆಕ್ಸಿಸ್ ಅಂತಾರೆ. 1932ರಲ್ಲಿ ತಂದು ಬಿಟ್ಟದ್ದು, ಈಗ ಕಾಡುಪ್ರಾಣಿಯಾಗೇ ಹಬ್ಬಿದೆ. ಹೊರಗಿನ ಪ್ರಾಣಿ ಅಂತ ಲೆಕ್ಕ, ಹಾಗಾಗಿ ಸೀಸನ್ ಕಟ್ಟುಪಾಡಿಲ್ಲ, ಹಂಟಿಂಗ್ ಲೈಸೆನ್ಸ್ ಮತ್ತು ಜಮೀನಿನವರ ಒಪ್ಪಿಗೆ ಇರಬೇಕು. ಊರಲ್ಲಿ ಸಫಾರಿ ಜೀಪಿನಿಂದ ಕೈಮುಗಿಯೋ ಹಾಗೆ ನೋಡಿದ ಪ್ರಾಣಿಯ ಮೇಲೆ ಗುರಿ ಇಡೋಕೆ ನನ್ನ ಕೈ ಬರ್ತಿರಲಿಲ್ಲ. ಅದು ಇಲ್ಲಿಯ ಹುಲ್ಲು, ಎಳೆಚಿಗುರಿಗೆ ಮೂಲದ ಜಿಂಕೆ ಜೊತೆ ಪೈಪೋಟಿ ಮಾಡೋದನ್ನು ಜಮೀನಿನವರು ತೋರಿಸಿದ ಮೇಲೆ ಒಪ್ಪಿಕೊಂಡೆ.

ಇನ್ನು ಲ್ಯಾಡರ್ ಸ್ಟ್ಯಾಂಡ್ ವಿಷಯ, ನಮ್ಮ ಕಡೆ ಅದು ಅಷ್ಟಾಗಿ ನಡೆಯೋದಿಲ್ಲ. ಲೈವ್ ಓಕ್ ಇದೆ, ಮೆಸ್ಕೀಟ್ ಇದೆ, ಆದರೆ ಎರಡೂ ಗಿಡ್ಡ, ಆಳೆತ್ತರದಲ್ಲೇ ಕವಲೊಡೆದು ಹರಡ್ತವೆ. ಏಣಿ ಆನಿಸೋಕೆ ಹದಿನೈದು ಅಡಿ ನೇರ ಕಾಂಡ ಎಲ್ಲಿ? ಅದಕ್ಕೇ ಇಲ್ಲಿ ಮೂರು ಕಾಲಿನ ಟ್ರೈಪಾಡ್, ಇಲ್ಲವೇ ನಾಲ್ಕು ಕಾಲಿನ ಪೆಟ್ಟಿಗೆ ಬ್ಲೈಂಡ್. ಯೂಟ್ಯೂಬಿನಲ್ಲಿ ಟೆಕ್ಸಾಸಿನವರ ವಿಡಿಯೋ ನೋಡಿ ಮಿಶಿಗನ್‌ಗೆ ಕೊಳ್ಳಬೇಡಿ, ಮಿಶಿಗನ್‌ನವರದ್ದು ನೋಡಿ ಇಲ್ಲಿಗೂ ಬೇಡ. ನಿಮ್ಮ ಮರಕ್ಕೆ ಯಾವುದು ಹೊಂದುತ್ತೆ ಅಂತ ನೋಡಿ.

ಮಂಡ್ಯದಮಗಳು_ಪಿಎ

ಹಾರ್ನೆಸ್ ಬಗ್ಗೆ ಬರೀತೀನಿ ಅಂದಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಲ್ಯಾಡರ್ ಸ್ಟ್ಯಾಂಡ್ ಅಂದ್ರೆ ಏಣಿ ತಾನೇ, ಸೇಫ್ ಅಲ್ವಾ ಅಂತ ಜನ ಹಾರ್ನೆಸ್ ಇಲ್ಲದೆ ಹತ್ತುತ್ತಾರೆ. ಬೀಳೋದು ಕೂತಾಗ ಮಾತ್ರ ಅಲ್ಲ. ಹತ್ತುವಾಗ, ಇಳಿಯುವಾಗ, ಏಣಿಯಿಂದ ಹಲಗೆಗೆ ಕಾಲಿಡುವಾಗ ಜಾಸ್ತಿ. ಹಿಮ ಕಟ್ಟಿದ ಮೆಟ್ಟಿಲು, ದಪ್ಪ ಬೂಟು, ಕತ್ತಲೆ, ಮರಗಟ್ಟಿದ ಬೆರಳು, ಎಲ್ಲ ಸೇರುತ್ತೆ. ಆದ್ದರಿಂದ ನೆಲದಲ್ಲಿ ಕೊಕ್ಕೆ ಹಾಕಿದರೆ ಮತ್ತೆ ನೆಲಕ್ಕೆ ಬಂದ ಮೇಲೇ ಬಿಚ್ಚಬೇಕು. ಅದಕ್ಕೆ ಲೈಫ್‌ಲೈನ್ ಬೇಕು. ಮೂವತ್ತು ಅಡಿಯ ಹಗ್ಗ, ಒಂದು ತುದಿ ಸೀಟಿಗಿಂತ ಮೇಲೆ ಮರಕ್ಕೆ, ಇನ್ನೊಂದು ಬುಡಕ್ಕೆ. ನಡುವೆ ಪ್ರೂಸಿಕ್ ಗಂಟು. ಕೈಯಲ್ಲಿ ತಳ್ಳಿದರೆ ಮೇಲೆ ಕೆಳಗೆ ಸರಿಯುತ್ತೆ, ಭಾರ ಬಿದ್ದರೆ ಹಗ್ಗವನ್ನು ಕಚ್ಚಿ ನಿಲ್ಲುತ್ತೆ. ಅದಕ್ಕೆ ಹಾರ್ನೆಸ್ಸಿನ ಬೆನ್ನಿನ ಪಟ್ಟಿ ಸಿಕ್ಕಿಸಿ, ಹತ್ತುತ್ತಾ ತಲೆ ಮಟ್ಟದಲ್ಲಿ ಸರಿಸ್ತಾ ಹೋಗಬೇಕು. ಕೂತ ಮೇಲೆ ಆ ಪಟ್ಟಿ ಬಿಗಿಯಾಗೇ ಇರಬೇಕು, ಜೋತು ಬೀಳಬಾರದು. ಸಡಿಲ ಇದ್ದಷ್ಟೂ ಜಾಸ್ತಿ ದೂರ ಬೀಳ್ತೀರಿ.

ಇಬ್ಬರಿಗೂ ಬೇರೆ ಬೇರೆ ಲೈಫ್‌ಲೈನ್. ಒಂದೇ ಹಗ್ಗಕ್ಕೆ ಇಬ್ಬರು ಬೇಡ. ಪೆಟ್ಟಿಗೆಯಲ್ಲಿ ಬರೋ ಹಾರ್ನೆಸ್ ದೊಡ್ಡವರ ಅಳತೆಯದ್ದು, ಹುಡುಗನಿಗೆ ಜಾರುತ್ತೆ. ಅವನ ತೂಕಕ್ಕೆ ಸರಿಯಾದ ಮಕ್ಕಳ ಹಾರ್ನೆಸ್ ತನ್ನಿ. ಮೊದಲ ದಿನವೇ ಕಾಡಲ್ಲಿ ಹಾಕಿಸಬೇಡಿ. ಹಿತ್ತಲಲ್ಲಿ, ಹಗಲಲ್ಲಿ, ಚಳಿ ಜಾಕೆಟ್ ಮೇಲೇ ಹಾಕಿಸಿ, ನೆಲದಿಂದ ಒಂದಡಿ ಎತ್ತರದಲ್ಲಿ ತೂಗಾಡಿಸಿ ನೋಡಿ. ಬಿದ್ದು ಹಾರ್ನೆಸ್ಸಲ್ಲಿ ನೇತಾಡಿದರೆ ತೊಡೆಯ ಪಟ್ಟಿ ರಕ್ತ ತಡೆಯುತ್ತೆ. ಹೆಚ್ಚು ಹೊತ್ತು ಅಲ್ಲಾಡದೆ ಇದ್ದರೆ ಜೀವಕ್ಕೇ ಅಪಾಯ. ಕಾಲಿಟ್ಟು ನಿಲ್ಲೋ ಒಂದು ಸಣ್ಣ ಪಟ್ಟಿ ಹಾರ್ನೆಸ್ ಜೊತೆ ಬರುತ್ತೆ, ಅದನ್ನ ಬಿಚ್ಚಿ ಹೇಗೆ ಕಾಲು ಇಡೋದು ಅಂತ ಮಗನಿಗೆ ಕಣ್ಣುಮುಚ್ಚಿ ಬರಬೇಕು. ಫೋನು ಎದೆಯ ಜೇಬಲ್ಲಿ, ಚೀಲದಲ್ಲಿ ಅಲ್ಲ. ಎಲ್ಲಿ ಕೂತಿದ್ದೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ.

ಬಂದೂಕು ಹಿಡಿದು ಏಣಿ ಹತ್ತೋದು ಎಂದಿಗೂ ಬೇಡ. ಗುಂಡು ತೆಗೆದು, ಹಗ್ಗಕ್ಕೆ ಕಟ್ಟಿ, ನಳಿಕೆ ನೆಲದ ಕಡೆ ಇರೋ ಹಾಗೆ ಬಿಟ್ಟು, ಮೇಲೆ ಕೂತು ಕೊಕ್ಕೆ ಹಾಕಿ ಆದಮೇಲೆ ಎಳ್ಕೊಳ್ಳಿ. ಸ್ಟ್ಯಾಂಡಲ್ಲಿ ಒಂದೇ ಬಂದೂಕು. ಮಗ ಬಲಗೈಯವನಾದರೆ ಅವನಿಗೆ ಎಡಕ್ಕೆ ತಿರುಗೋದು ಸುಲಭ, ನೀವು ಅವನ ಬಲಕ್ಕೆ ಕೂತ್ಕೊಳ್ಳಿ. ಆಗ ನಳಿಕೆ ನಿಮ್ಮನ್ನು ಹಾದುಹೋಗೋ ಸಂದರ್ಭವೇ ಬರಲ್ಲ.

ಹಳೇ ಸ್ಟ್ಯಾಂಡ್ ಯಾರಾದರೂ ಕಡಿಮೆಗೆ ಕೊಡ್ತೀನಿ ಅಂದ್ರೆ ಯೋಚಿಸಿ. ನಮ್ಮ ಕಡೆ ಒಬ್ಬರು ಕೊಟ್ಟಿದ್ದರು. ಪಟ್ಟಿ ಮುಂಭಾಗದಲ್ಲಿ ಹೊಸದರ ಹಾಗೆ ಕಪ್ಪಗಿತ್ತು. ಬಿಚ್ಚಿ ತಿರುಗಿಸಿದರೆ ಮರಕ್ಕೆ ಒರೆಸೋ ಜಾಗದಲ್ಲಿ ಅಳಿಲು ಅರ್ಧ ಅಗಲ ಕಡಿದು ಹಾಕಿತ್ತು, ನೂಲು ಉಗುರಿಗೆ ಪುಡಿಪುಡಿಯಾಗಿ ಬಂತು. ಕೊಳ್ಳೋದಾದರೆ ಟಿಎಂಎ (ಸ್ಟ್ಯಾಂಡ್ ತಯಾರಕರ ಸಂಘ) ಪ್ರಮಾಣಪತ್ರ ಇದೆಯಾ, ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪಟ್ಟಿಯಲ್ಲಿ ಆ ಮಾದರಿ ವಾಪಸ್ ಕರೆಸಿದ್ದಾರಾ ಅಂತ ನೋಡಿ, ಪಟ್ಟಿ ಮತ್ತು ಹಾರ್ನೆಸ್ ಮಾತ್ರ ಹೊಸದೇ ಹಾಕಿ.

ಕಾವೇರಿತೀರ_ಮಿಶಿಗನ್

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಶನಿವಾರ ಮಗನನ್ನೂ ಕರ್ಕೊಂಡು ಜಮೀನಿಗೆ ಹೋಗಿದ್ದೆ. ಆಶ್ ಮರದ ತೊಗಟೆಯಲ್ಲಿ ಆ ಡಿ ಆಕಾರದ ತೂತನ್ನು ಮೊದಲು ಕಂಡವನು ಅವನೇ. ಒಂದಲ್ಲ, ಕಣ್ಣು ಹೋದಲ್ಲೆಲ್ಲ. ಜಮೀನಿನವರಿಗೂ ತೋರಿಸಿದೆವು, ಅದನ್ನು ಕಡಿಸ್ತಾರಂತೆ. ಅಲ್ಲಿಂದ ಕಾಡಿನ ಕಡೆ ಒಂದು ರೆಡ್ ಓಕ್ ಸಿಕ್ಕಿದೆ. ಜೀವಂತ, ನೇರ, ಟೇಪು ಸುತ್ತಿ ನೋಡಿದರೆ ಅಡ್ಡಳತೆ ಹದಿನಾಲ್ಕು ಇಂಚಿನ ಮೇಲೆ. ಹದಿನಾರು ಅಡಿ ಎತ್ತರದಲ್ಲಿ ಎರಡು ಕೊಂಬೆ ಬೆನ್ನಿಗೆ ಬರ್ತವೆ.

ಇಬ್ಬರದ್ದು, ಹಲಗೆವರೆಗೆ ಹದಿನಾರು ಅಡಿ, ಮಡಚೋ ಕಂಬಿ, ದವಡೆ ಇರೋದು ಅಂತ ತೀರ್ಮಾನ ಮಾಡಿದ್ದೇವೆ. ಈಗ ಉಳಿದದ್ದು ಸ್ಟ್ಯಾಂಡ್ ಯಾವ ಕಡೆ ಮುಖ ಮಾಡಬೇಕು ಅನ್ನೋದು. ಜಿಂಕೆಗಳು ಸಂಜೆ ಪಶ್ಚಿಮದ ಕಾಡಿಂದ ಹೊರಟು ಪೂರ್ವದ ಹೊಲಕ್ಕೆ ಬರ್ತವೆ.

ಹುಬ್ಬಳ್ಳಿಹುಡುಗ

ಅಗದೀ ಬೆಸ್ಟ್ ರೀ ಸರ್. ನಿಮ್ಮ ಮಗ ಬೇಟೆಗಾರ ಆದ ಅನ್ರಿ ಆಗಲೇ, ನೋಡೂ ಕಣ್ಣು ಬಂದೈತಿ.

ನಿಮ್ಮ ಕಡೆ ಗಾಳಿ ಬಹಳಷ್ಟು ದಿನ ಪಶ್ಚಿಮ, ನೈಋತ್ಯದಿಂದ ಬೀಸ್ತದ. ಅಂದ್ರ ಕಾಡಿನಿಂದ ನಿಮ್ಮ ಕಡೆ, ನಿಮ್ಮ ವಾಸನಿ ಹೊಲದ ಕಡೆ. ಕಾಡಿನಾಗ ಇರೂ ಜಿಂಕಿಗೆ ನೀವು ಗೊತ್ತಾಗಂಗಿಲ್ಲ. ಆದ್ರ ಸೀದಾ ಪಶ್ಚಿಮಕ್ಕ ಮುಖ ಮಾಡಿದ್ರ ಸಂಜಿ ಸೂರ್ಯ ಕಣ್ಣಾಗ ಹೊಡೀತಾನ. ವಾಯವ್ಯಕ್ಕ ತಿರುಗಸ್ರಿ. ದಾರಿ ನಿಮ್ಮ ಎಡಕ್ಕ ಬರ್ತದ, ಬಲಗೈ ಹುಡುಗಗ ಅದ ಸುಲಭ. ಗಾಳಿ ಪೂರ್ವದಿಂದ ಬೀಸಿದ ದಿನ ಆ ಸ್ಟ್ಯಾಂಡಿಗೆ ಹೋಗಲೇಬ್ಯಾಡ್ರಿ, ಹಳೇ ಬ್ಲೈಂಡಿನಾಗ ಕುಂದರ್ರಿ.

ಹಳ್ಳದ ಮಾತೂ ಒಂದೈತಿ. ಗಾಳಿ ನಿಂತ ಸಂಜಿ, ಹೊತ್ತು ಮುಳುಗೂ ಮುಂದ ತಂಪು ಗಾಳಿ ಇಳಿಜಾರು ಹಿಡಿದು ಕೆಳಗ ಹರೀತದ, ನಿಮ್ಮ ವಾಸನಿನೂ ಹಳ್ಳಕ್ಕ ಹೋಗ್ತದ. ಮುಂಜಾನಿ ಬಿಸಿಲು ಬಿದ್ದ ಮ್ಯಾಲ ಅದ ಗಾಳಿ ಮ್ಯಾಲ ಏರ್ತದ. ಹಳ್ಳ ಸ್ಟ್ಯಾಂಡಿಗಿಂತ ಎಷ್ಟು ಕೆಳಗದ, ಜಿಂಕಿ ಹಳ್ಳದಾಗ ನಿಂತು ಕಾಯ್ತಾವೇನು ಅಂತ ಅಕ್ಟೋಬರ್‌ನಾಗ ದೂರದಿಂದ ನೋಡ್ರಿ. ಟಾಲ್ಕಂ ಪುಡಿ ಚಿಟಿಕಿ ಹಾರಿಸಿದ್ರ ಗಾಳಿ ಎತ್ಲಾಗ ಹೊಂಟೈತಿ ಅಂತ ಕಣ್ಣಿಗೆ ಕಾಣ್ತದ.

ಕೊಡಗಿನಕೋವಿ

ರೆಡ್ ಓಕ್ ಒಳ್ಳೆ ಆಯ್ಕೆ. ವೈಟ್ ಓಕ್ ಕಾಯಿ ಜಿಂಕೆಗೆ ಹೆಚ್ಚು ಇಷ್ಟ, ಆದರೆ ಬಿದ್ದ ಕೂಡಲೇ ಖಾಲಿ ಮಾಡ್ತವೆ. ರೆಡ್ ಓಕ್ ಕಾಯಿ ಒಗರು, ನವೆಂಬರ್‌ವರೆಗೂ ನೆಲದಲ್ಲಿ ಉಳೀತದೆ. ಓಕ್ ಮರ ಒಣಗೆಲೆ ಬೇಗ ಉದುರಿಸೋದೂ ಇಲ್ಲ, ನಿಮಗೆ ಮರೆ.

ಸ್ಟ್ಯಾಂಡನ್ನು ಆಗಸ್ಟ್ ಒಳಗೇ ನಿಲ್ಲಿಸಿ. ಜಿಂಕೆಗಳಿಗೆ ಅದು ಕಾಡಿನ ಒಂದು ಭಾಗ ಅನ್ನಿಸೋಕೆ ಸಮಯ ಬೇಕು. ಗುರಿಗೆ ಅಡ್ಡ ಬರೋ ಕೊಂಬೆ ಆಗಲೇ ಸವರಿ, ಜಮೀನಿನವರನ್ನು ಕೇಳಿ. ತುಂಡುಗಳು ಒಂದಕ್ಕೊಂದು ಸೇರೋ ಕಡೆ, ಹಲಗೆ ತಿರುಗೋ ಕೀಲಿನಲ್ಲಿ ಕಬ್ಬಿಣ ಕೀರಲು ಬರ್ತದೆ. ನಿಲ್ಲಿಸೋ ಮುಂಚೆ ನೈಲಾನ್ ವಾಷರ್ ಹಾಕಿ, ಕಂಬಿಗೆ ಬಟ್ಟೆಯ ಟೇಪು ಸುತ್ತಿ. ಶಾಂತವಾದ ಬೆಳಗ್ಗೆ ಒಂದು ಬಕಲ್ ಕಂಬಿಗೆ ತಗಲಿದರೂ ಇಡೀ ಕಾಡಿಗೆ ಕೇಳಿಸ್ತದೆ. ಸೀಟಿನ ಮೆತ್ತೆ ಫೋಮಿನದ್ದಾದರೆ ಅಲ್ಲೇ ಬಿಟ್ಟು ಬರಬೇಡಿ, ಅಳಿಲು ಕಿತ್ತು ಗೂಡಿಗೆ ಒಯ್ಯುತ್ತೆ. ಬಲೆ ಸೀಟಾದರೆ ಒದ್ದೆಯೂ ಆಗಲ್ಲ. ಅಕ್ಟೋಬರ್‌ನಲ್ಲಿ ಮೊದಲ ಸಲ ಹತ್ತೋವಾಗ ಸೀಟಿನ ಅಡಿ, ಕೊಳವೆಯ ಬಾಯಿ ನೋಡಿಕೊಂಡು ಹತ್ತಿ. ಕಣಜ ಗೂಡು ಕಟ್ಟಿರ್ತವೆ.

ಕಾವೇರಿತೀರ_ಮಿಶಿಗನ್

ಬರೋ ಭಾನುವಾರ ಬೆಳಗ್ಗೆ ನಿಲ್ಲಿಸ್ತೇವೆ. ನಾನು, ಸಹೋದ್ಯೋಗಿ, ಅವರ ಅಣ್ಣ, ಒಟ್ಟು ಮೂರು ಜನ ದೊಡ್ಡವರು. ಮಗ ದೂರದಲ್ಲಿ ನಿಂತು ಪುಸ್ತಕ ಓದಿ ಹೇಳ್ತಾನೆ. ಲೈಫ್‌ಲೈನ್ ಎರಡು ತರಿಸಿದ್ದೇನೆ, ಅವನ ಹಾರ್ನೆಸ್ ಬುಧವಾರ ಬರ್ತದೆ. ಒಂದೇ ಪ್ರಶ್ನೆ ಬಾಕಿ: ಸೀಸನ್ ಮುಗಿದ ಮೇಲೆ ಅದನ್ನು ಅಲ್ಲೇ ಬಿಡಬಹುದಾ? ಇಳಿಸೋಕೆ ಮತ್ತೆ ಮೂರು ಜನ ಸೇರಿಸಬೇಕು.

ಮಂಡ್ಯದಮಗಳು_ಪಿಎ

ಸರ್ಕಾರಿ ಜಾಗದಲ್ಲಿ ಆಗಿದ್ದರೆ ಗಡುವಿನೊಳಗೆ ತೆಗೀಲೇಬೇಕಿತ್ತು. ಖಾಸಗಿ ಜಮೀನಲ್ಲಿ ಅವರ ಒಪ್ಪಿಗೆ ಇದ್ದರೆ ಬಿಡಬಹುದು, ಆದರೆ ಪಟ್ಟಿ ಬಿಗಿದೇ ಬಿಡಬೇಡಿ. ಮರ ದಪ್ಪ ಆಗುತ್ತಾ ಪಟ್ಟಿ ತೊಗಟೆಗೆ ಇಳಿಯುತ್ತೆ, ಮರಕ್ಕೂ ಗಾಯ, ಪಟ್ಟಿಯೂ ಒಳಗೊಳಗೇ ಹರಿಯುತ್ತೆ. ನನ್ನ ಕೇಳಿದ್ರೆ ಜನವರಿಯಲ್ಲಿ ಇಳಿಸಿ, ಕೊಟ್ಟಿಗೆಯಲ್ಲಿ ಅಡ್ಡ ಮಲಗಿಸಿ. ಇಳಿಸೋವಾಗಲೂ ಕ್ರಮ ಅದೇ, ಹಿಂದುಮುಂದಾಗಿ: ಕತ್ತರಿ ಹಗ್ಗ ಕೊನೆಗೆ ಬಿಚ್ಚಬೇಕು. ಕೊಳವೆಯೊಳಗಿನ ನೀರು ಬಸಿದು ಹೋಗೋ ಹಾಗೆ ಒಂದು ತುದಿ ತಗ್ಗಿಸಿಡಿ, ಇಲ್ಲದಿದ್ದರೆ ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಬಣ್ಣ ಚೆನ್ನಾಗೇ ಇರುತ್ತೆ. ಹಾರ್ನೆಸ್ ಮೇಲೆ ತಯಾರಾದ ದಿನಾಂಕ ಹೊಲಿದಿರ್ತಾರೆ, ಐದು ವರ್ಷಕ್ಕೆ ಬದಲಿಸಿ ಅಂತ ಹೆಚ್ಚಿನ ಕಂಪನಿಯವರು ಹೇಳ್ತಾರೆ. ಮಗ ಅಷ್ಟರೊಳಗೆ ಬೆಳೀತಾನೆ, ಅವನ ತೂಕ ಪ್ರತಿ ಸೆಪ್ಟೆಂಬರ್ ನೋಡಿ ಹಾರ್ನೆಸ್ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಿ.

ಭಾನುವಾರ ಗಾಳಿ ಜೋರಿದ್ದರೆ ನಿಲ್ಲಿಸೋ ಕೆಲಸ ಮುಂದಕ್ಕೆ ಹಾಕಿ, ಆಗಸ್ಟ್‌ಗೆ ಇನ್ನೂ ವಾರಗಳಿವೆ.